ಮಾರು ಅಳೆದ ಭಾವ, ಗೋಲು ಕಂಡ ಅತ್ತೆ

ಈಗಷ್ಟೇ ಬಿ.ಪಿ.ಎಡ್. ಮುಗಿಸಿ, ಕೊರಳಿಗೆ ಸೀಟಿ ಹಾಕಿಕೊಂಡು ಶಾಲೆಗೆ ಸೇರುವ ಹುಡುಗ ಹುಡುಗಿಯರು ನನ್ನನ್ನು ಕಂಡರೆ ಆಫ್‌ಸೈಡಿನ ಬಗ್ಗೆ ಕೇಳುತ್ತಾರೆ. ಮೂವತ್ತು ವರ್ಷಕ್ಕೂ ಮೇಲೆ ಪಿ.ಇ. ಮಾಸ್ತರನಾಗಿದ್ದವನು ನಾನು. ಆಫ್‌ಸೈಡಿನಿಂದ ನನಗೆ ಒಂದು ದಿನವೂ ತೊಂದರೆಯಾಗಿಲ್ಲ. ತೊಂದರೆಯಾದದ್ದೆಲ್ಲ ಕುರ್ಚಿಯಿಂದ, ಸುಣ್ಣದ ಹುಡಿಯಿಂದ, ಕುಡಿಯುವ ನೀರಿನಿಂದ, ಬೆಕ್ಕಿನಿಂದ ಮತ್ತು ಹೆಂಡತಿಯ ತವರುಮನೆಯಿಂದ. ಇವುಗಳ ಬಗ್ಗೆ ಯಾವ ಕಾಲೇಜಿನಲ್ಲೂ ಪಾಠವಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಡುವೆ ನನಗೆ ಬಡ್ತಿಯೂ ಸಿಕ್ಕಿತು. ಅದರಿಂದ ಸುತ್ತಾಟ ಹೆಚ್ಚಾಯಿತೇ ಹೊರತು ಬೇರೆ ಏನೂ ಆಗಲಿಲ್ಲವಾದ್ದರಿಂದ ಆ ಸುದ್ದಿ ಇಲ್ಲಿಗೇ ಸಾಕು.

ಬೆಕ್ಕಿನಿಂದ ಶುರು ಮಾಡುತ್ತೇನೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಹೊನ್ನಾವರದ ಹತ್ತಿರ ಕಡಲದಂಡೆಯ ಒಂದು ಊರಿನಲ್ಲಿ ಶಾಲೆಗಳ ಫುಟ್‌ಬಾಲ್ ಪಂದ್ಯವಿತ್ತು. ಗೋಲಿನ ಕಂಬಗಳಿದ್ದವು, ಬಲೆ ಇರಲಿಲ್ಲ. ಮೀನುಗಾರರ ಮನೆಯಲ್ಲಿ ಹುಟ್ಟಿದವನಿಗೆ ಬಲೆಗೇನು ಬರಗಾಲ ಎಂದುಕೊಂಡು ನಮ್ಮ ಕೇರಿಯ ದೇವಪ್ಪನ ಬಂಗಡೆ ಬಲೆಯನ್ನೇ ತಂದು ಕಟ್ಟಿಸಿದೆ. ತೊಳೆಸುವುದು ಮರೆತುಹೋಗಿತ್ತು. ಆಟ ಶುರುವಾಗಿ ಹತ್ತು ನಿಮಿಷದಲ್ಲಿ ಗೋಲಿನ ಹಿಂದೆ ಬೆಕ್ಕುಗಳು ಸಾಲಾಗಿ ಬಂದು ಕೂತವು. ಕಂಬದ ಮೇಲೊಂದು ಹದ್ದು. ಗೋಲ್‌ಕೀಪರ್ ಚೆಂಡನ್ನು ಬಿಟ್ಟು ಹಿಂದೆಯೇ ನೋಡತೊಡಗಿದ. ಅಷ್ಟರಲ್ಲಿ ದೇವಪ್ಪ ಲುಂಗಿ ಎತ್ತಿ ಕಟ್ಟಿಕೊಂಡು ಮೈದಾನದೊಳಗೇ ಓಡಿ ಬಂದ.

“ಮಾಸ್ತರ್ರೇ, ಬಂಗಡೆ ಬಂದದ್ಯಂತೆ. ಬಲೆ ಬಿಚ್ತೆ.”

“ಅರ್ಧ ಆಟ ಬಾಕಿ ಅದೆಯಲ್ಲ ಮಾರಾಯ.”

“ಆಟ ನಾಳೆನೂ ಆಡೂಕೆ ಆಗ್ತದೆ. ಬಂಗಡೆ ನಾಳೆವರೆಗೆ ಕಾಯ್ತದ್ಯಾ?”

ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅವನು ಗಂಟು ಬಿಚ್ಚಿದ. ಬಲೆ ಎಳೆಯಲು ಎರಡೂ ತಂಡದ ಒಂಬತ್ತು ಆಟಗಾರರು ಅವನ ಹಿಂದೆ ಹೋದರು. ರೆಫರಿಯಾಗಿದ್ದ ನಾನು ಸೀಟಿ ಊದಿದೆ, ಊದಿದೆ, ಕೊನೆಗೆ ನಾನೂ ಹೋದೆ. ವರದಿಯಲ್ಲಿ ‘ಹವಾಮಾನದ ಕಾರಣದಿಂದ ಪಂದ್ಯ ನಿಂತಿತು’ ಎಂದು ಬರೆದೆ. ಅವತ್ತು ಬಿಸಿಲಿತ್ತಲ್ಲ ಎಂದು ಮೇಲಿನವರು ಕೇಳಿದರು. ಕಡಲಿನ ಹವಾಮಾನ ಬೇರೆ ಸರ್ ಎಂದೆ. ಅವರು ಘಟ್ಟದ ಮೇಲಿನವರು, ನಂಬಿದರು. ನಾನು ಬರೆದ ಮೊದಲ ಸುಳ್ಳು ವರದಿ ಅದು, ಅದರಿಂದ ಯಾರಿಗೂ ನಷ್ಟವಾಗಲಿಲ್ಲ. ಬಂಗಡೆಯ ಸಾರೂ ಚೆನ್ನಾಗಿತ್ತು.

ಎರಡನೇ ಸುಳ್ಳು ವರದಿ ಮಾತ್ರ ಅಷ್ಟು ಸುಲಭದಲ್ಲಿ ಮುಗಿಯಲಿಲ್ಲ.

ಅದು ನಿವೃತ್ತಿಗೆ ಎರಡು ವರ್ಷ ಇದ್ದಾಗಿನ ಮಾತು. ಭಟ್ಕಳ, ಹೊನ್ನಾವರ, ಕುಮಟೆ ಈ ಮೂರು ತಾಲೂಕಿನ ತಂಡಗಳಿಗೆ ನಾವೊಂದಿಷ್ಟು ಜನ ಸೇರಿ ಪ್ರತಿ ವರ್ಷ ಫುಟ್‌ಬಾಲ್ ಪಂದ್ಯಾವಳಿ ನಡೆಸುತ್ತಿದ್ದೆವು. ಫೈನಲ್ ಎಲ್ಲಿ ಎಂಬುದನ್ನು ಪಂದ್ಯಾವಳಿ ಶುರುವಾಗುವ ಮೊದಲೇ ಗೊತ್ತು ಮಾಡಬೇಕು. ಅದಕ್ಕೊಂದು ಮೂವರ ಸಮಿತಿ. ಅಧ್ಯಕ್ಷರು ವಾಸುದೇವಣ್ಣ, ಎರಡು ಬೋಟಿನ ಮಾಲೀಕರು, ಆಡಿದ್ದಕ್ಕಿಂತ ಭಾಷಣ ಮಾಡಿದ್ದು ಹೆಚ್ಚು. ಇನ್ನೊಬ್ಬರು ಭಟ್ಕಳದ ಇಕ್ಬಾಲ್ ಭಾಯಿ, ಒಂದು ಕಾಲದ ಗೋಲ್‌ಕೀಪರ್, ಈಗ ಬಟ್ಟೆ ಅಂಗಡಿ. ಮೂರನೆಯವನು ನಾನು.

ನನ್ನನ್ನು ಹಾಕಿಕೊಂಡದ್ದಕ್ಕೆ ವಾಸುದೇವಣ್ಣ ಕಾರಣವನ್ನೂ ಕೊಟ್ಟರು. “ಮಾಸ್ತರ್ರೇ, ನೀವು ಹುಟ್ಟಿದ್ದು ಹೊನ್ನಾವರ, ಕೆಲಸ ಭಟ್ಕಳ, ಹೆಂಡ್ತಿ ಮನೆ ಕುಮಟೆ. ಮೂರೂ ಊರಿಗೆ ಬೇಕಾದವ್ರು ನೀವೊಬ್ರೇ.”

ಮೂರೂ ಊರಿಗೆ ಬೇಕಾದವನು ಎಂದರೆ ಒಂದು ಊರನ್ನು ಆರಿಸಿದ ಮರುದಿನ ಎರಡು ಊರಿಗೆ ಬೇಡವಾಗುವವನು. ಅಡಕತ್ತರಿಗೆ ಎರಡೇ ಅಲಗು, ನನ್ನದಕ್ಕೆ ಮೂರು. ಈ ಸುದ್ದಿಯನ್ನು ಮನೆಯಲ್ಲಿ ಹೇಳಿದಾಗ ಹೆಂಡತಿ ಸುಮಿತ್ರೆ ಬಂಗಡೆ ಕೊಯ್ಯುತ್ತಿದ್ದಳು. ಅವಳ ಅಣ್ಣ ನಾಗೇಶ, ಅಂದರೆ ನನ್ನ ಭಾವ, ಕುಮಟೆಯ ಹತ್ತಿರದ ತನ್ನೂರಿನಲ್ಲಿ ಒಂದಾದರೂ ಫೈನಲ್ ಆಗಬೇಕೆಂದು ಹಲವು ವರ್ಷಗಳಿಂದ ಹಟ ಹಿಡಿದವನು. ಊರ ಮೈದಾನ ಅವನ ಮನೆಯ ಬೇಲಿಗೆ ತಾಗಿಯೇ ಇತ್ತು.

“ಈ ಸಲ ಕುಮಟೆಗೆ ಬರ್ಲಿಲ್ಲ ಅಂದ್ರೆ,” ಎಂದಳು ಸುಮಿತ್ರೆ ಕತ್ತಿಯ ಮೇಲಿಂದ ಕಣ್ಣೆತ್ತದೆ, “ನಾನು ತವರಿಗೆ ಮುಖ ತೋರ್ಸೂಕೆ ಇಲ್ಲ. ನೀವು ನಾಳೆಯಿಂದ ಮೀನು ಸಾರು ನೀವೇ ಮಾಡ್ಕಳಿ.”

ನನಗೆ ಸೀಟಿ ಊದುವುದು ಬಿಟ್ಟರೆ ಬೇರೆ ಯಾವುದೂ ಬರುವುದಿಲ್ಲ. ನಾನು ಆ ಮಾತಿಗೆ ಹೆದರಿದೆ ಎಂಬುದನ್ನು ಇಲ್ಲಿಯೇ ಒಪ್ಪಿಕೊಂಡುಬಿಡುತ್ತೇನೆ.

ಮೈದಾನ ನೋಡಲು ಹೊರಟೆವು. ನಿಯಮ ಒಂದೇ: ಉದ್ದ ನೂರು ಮೀಟರ್ ಇರಬೇಕು, ಯಾರ ಮೈದಾನ ಹೆಚ್ಚು ಉದ್ದವೋ ಅವರಿಗೆ ಫೈನಲ್. ಹಿಂದಿನ ವರ್ಷದ ಫೈನಲ್ಲಿನಲ್ಲಿ ಜಾಗ ಸಾಲದೆ ಕಾರ್ನರ್ ಕಿಕ್ಕನ್ನು ಒಂದು ಚಹಾ ಅಂಗಡಿಯ ಮೆಟ್ಟಿಲ ಮೇಲಿಂದ ಹೊಡೆಸಬೇಕಾಗಿತ್ತು. ಹಾಗಾಗಿ ಈ ನಿಯಮ. ಆದರೆ ಅಳೆಯುವುದು ಯಾವುದರಿಂದ? ಸಮಿತಿಯ ಬಟ್ಟೆಯ ಟೇಪನ್ನು ಮಳೆಗಾಲದಲ್ಲಿ ಇಲಿ ಕಡಿದು, ಅದು ಹನ್ನೊಂದನೇ ಮೀಟರಿನಿಂದ ಶುರುವಾಗುತ್ತಿತ್ತು. ಪ್ರತಿ ಸಲವೂ ಹನ್ನೊಂದು ಕಳೆಯಬೇಕು. ವಾಸುದೇವಣ್ಣ ಒಮ್ಮೆ ಕಳೆದರು, ಒಮ್ಮೆ ಕೂಡಿಸಿದರು, ಕೊನೆಗೆ ಟೇಪನ್ನು ಕಾರಿನ ಸೀಟಿನಡಿ ತುರುಕಿದರು. ಇಕ್ಬಾಲ್ ಭಾಯಿ ಮೊಬೈಲಿನಲ್ಲಿ ಅಳೆಯುವ ಆ್ಯಪ್ ತೆರೆದರು. ನಾವು ನಿಂತ ಜಾಗ ಅರಬ್ಬೀ ಸಮುದ್ರದೊಳಗೆ ಇದೆಯೆಂದು ಅದು ತೋರಿಸಿತು.

“ಎಂತಕ್ಕೆ ಇವೆಲ್ಲ?” ಎಂದರು ವಾಸುದೇವಣ್ಣ. “ಹಗ್ಗ ಎಳೀವ, ಮಾರಲ್ಲಿ ಅಳೆವ. ನಮ್ಮಜ್ಜ ಕಡಲಿನ ಆಳನೇ ಮಾರಲ್ಲಿ ಅಳೆದವ. ಒಂದು ದೋಣಿ ಮುಳುಗ್ಲಿಲ್ಲ.”

ಮಾರು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಎರಡೂ ಕೈಯನ್ನು ಅಗಲಕ್ಕೆ ಚಾಚಿದರೆ ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಒಂದು ಮಾರು. ನಮ್ಮ ಕಡೆ ಬಲೆ, ಹಗ್ಗ ಎಲ್ಲ ಅದರಲ್ಲೇ. ಮೈದಾನದ ಈ ತುದಿಯಿಂದ ಆ ತುದಿಗೆ ಹಗ್ಗ ಎಳೆದು, ಆಮೇಲೆ ಹಗ್ಗವನ್ನು ಮಾರು ಹಾಕಿ ಎಣಿಸುವುದು. ಐವತ್ತೈದು ಮಾರು ಬಂದರೆ ನೂರು ಮೀಟರ್ ಎಂದು ವಾಸುದೇವಣ್ಣ ಲೆಕ್ಕ ಹೇಳಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. “ಆಯಾ ಊರಿನವ್ರೇ ಅಳೀಲಿ. ಆಮೇಲೆ ನಾವು ಮೋಸ ಮಾಡಿದೆವು ಅಂತ ತಕರಾರು ಬೇಡ” ಎಂದೂ ಸೇರಿಸಿದರು. ನಮಗೆ ಇದು ಬಹಳ ನ್ಯಾಯವಾದ ಮಾತೆನಿಸಿತು.

ಮೊದಲು ಭಟ್ಕಳ. ಇಕ್ಬಾಲ್ ಭಾಯಿ ಊರಿನ ಮರ್ಯಾದೆಯ ಪ್ರಶ್ನೆಯೆಂದು ಮೈದಾನಕ್ಕಿಂತ ಮೊದಲು ಊಟ ಇಟ್ಟಿದ್ದರು. ಶಾವಿಗೆ ಬಿರಿಯಾನಿ ತಿಂದ ಮೇಲೆ ಮೈದಾನದವರೆಗೆ ನಡೆಯುವುದೇ ಒಂದು ಪಂದ್ಯವಾಯಿತು. ಹಗ್ಗ ಅಳೆಯಲು ಬಂದವನು ವಾಲಿಬಾಲ್ ಆಡುವ ಮುನ್ನಾ. ಬಾಗಿಲಲ್ಲಿ ತಲೆ ತಗ್ಗಿಸಿ ಬರುವ ಆಳು. ಕೈ ಚಾಚಿದರೆ ಪಕ್ಕದಲ್ಲಿದ್ದವರು ಸರಿಯಬೇಕು. ಅವನ ಕೈಯಲ್ಲಿ ಐವತ್ತನಾಲ್ಕೇ ಮಾರು ಬಂತು. ಒಂದು ಮಾರು ಕಡಿಮೆ. ಇಕ್ಬಾಲ್ ಭಾಯಿಯ ಮುಖ ಸಣ್ಣದಾಯಿತು. ಆದರೂ ಮರ್ಯಾದಸ್ಥರು, ನನ್ನ ಕೈಗೆ ಹಲ್ವಾದ ಪೊಟ್ಟಣ ಕೊಟ್ಟು, “ಅಳತೆ ಅಂದ್ರೆ ಅಳತೆ ಮಾಸ್ತರ್ ಸಾಬ್, ಬರ್ಕೊಳ್ಳಿ” ಎಂದರು.

ಆಮೇಲೆ ಹೊನ್ನಾವರ, ನನ್ನ ಹುಟ್ಟೂರು. ಅಲ್ಲಿ ಮೈದಾನವೇ ಕಾಣಿಸಲಿಲ್ಲ. ಅದರ ತುಂಬ ಮೀನು ಒಣಗಲು ಹರವಿದ್ದರು. ಕಾವಲಿಗೆ ಕೂತಿದ್ದ ಹೆಂಗಸರಲ್ಲಿ ಒಬ್ಬಳು ನನ್ನ ಬಾಲ್ಯದ ನೆರೆಯವಳು ಮಾದೇವಿ.

“ಫೈನಲ್ ಎಷ್ಟು ದಿನ?” ಎಂದು ಕೇಳಿದಳು.

“ಒಂದು ದಿನ.”

“ನಮ್ದು ಒಣಗೂಕೆ ನಾಲ್ಕು ದಿನ. ಯಾರ್ದು ದೊಡ್ಡದು?”

ವಾಸುದೇವಣ್ಣ ಕ್ರೀಡೆಯ ಮಹತ್ವದ ಬಗ್ಗೆ ಸಣ್ಣ ಭಾಷಣ ಮಾಡಿದರು. ಅವಳು ಪೂರ್ತಿ ಕೇಳಿಸಿಕೊಂಡಳು. “ಆತು. ಹಂಗಾದ್ರೆ ಕಾಗೆ ಓಡ್ಸೂಕೆ ನಿಮ್ಮ ಗೋಲ್‌ಕೀಪರ್ ಇಬ್ರನ್ನೂ ನಾಲ್ಕು ದಿನ ಮೊದಲೇ ಕಳ್ಸಿ” ಎಂದಳು. ಹೊನ್ನಾವರವನ್ನು ನಾವು ಅಳೆಯದೆಯೇ ಬಿಟ್ಟೆವು. ನನ್ನ ಅಲಗು ಮೂರರಿಂದ ಎರಡಕ್ಕಿಳಿಯಿತೆಂದು ನನಗೆ ಒಳಗೊಳಗೇ ಖುಷಿ.

ಕೊನೆಗೆ ಕುಮಟೆ. ಹಗ್ಗ ಎಳೆದಾಯಿತು. ಅಳೆಯಲು ಮುಂದೆ ಬಂದವನು ನಾಗೇಶ ಭಾವನೇ. ಭಾವ ಒಳ್ಳೆಯವನು, ಆದರೆ ಗಿಡ್ಡ. ಹಬ್ಬದ ದಿನ ಮಾವಿನ ತೋರಣ ಕಟ್ಟಲು ಅವನಿಗೆ ಸ್ಟೂಲು ಬೇಕು, ಸ್ಟೂಲಿನ ಮೇಲೆ ಒಂದು ಇಟ್ಟಿಗೆಯೂ ಬೇಕು. ಆಳು ಎಷ್ಟಿದ್ದಾನೋ ಮಾರೂ ಅಷ್ಟೇ. ಅವನು ಎದೆಯುಬ್ಬಿಸಿ ಕೈ ಚಾಚಿ ಒಂದು, ಎರಡು ಎಂದು ಎಣಿಸುತ್ತ ಹೋದ. ಅರವತ್ತೆರಡಕ್ಕೆ ನಿಲ್ಲಿಸಿದ. ಊರಿನವರು ಚಪ್ಪಾಳೆ ತಟ್ಟಿದರು. ವಾಸುದೇವಣ್ಣ, “ಎಂತ ಮೈದಾನ ಮಾರಾಯ್ರೇ, ಇಲ್ಲಿವರೆಗೆ ಗೊತ್ತೇ ಇರ್ಲಿಲ್ಲ” ಎಂದು ಭಾವನ ಬೆನ್ನು ತಟ್ಟಿದರು.

ನನಗೆ ಮಾತ್ರ ಗೊತ್ತಾಯಿತು. ನನ್ನಪ್ಪ ಹಗ್ಗ ಕೊಳ್ಳಲು ಹೋಗುವಾಗ ಕೈ ಉದ್ದವಿದ್ದ ದೊಡ್ಡಪ್ಪನನ್ನು ಕರೆದುಕೊಂಡೇ ಹೋಗುತ್ತಿದ್ದ. ಕೈ ನೋಡದೆ ಮಾರು ನಂಬಬೇಡ ಎಂದು ಹೇಳಿಕೊಟ್ಟದ್ದೂ ಅವನೇ. ಮುನ್ನಾನ ಐವತ್ತನಾಲ್ಕರ ಮುಂದೆ ಭಾವನ ಅರವತ್ತೆರಡು ಸಣ್ಣದು. ಅದು ನೂರು ಮೀಟರಿಗೂ ಸಾಲದು. ಬಾಯಿ ತೆರೆದೆ. ಅಷ್ಟರಲ್ಲಿ ಭಾವ ನನ್ನತ್ತ ನೋಡಿ ನಕ್ಕ. ಶಾಲೆಯಲ್ಲಿ ಮೊದಲ ಸಲ ಬಹುಮಾನ ಪಡೆದ ಮಗುವಿನ ನಗು. ಅವನ ಹಿಂದೆ ನನ್ನ ಕಣ್ಣಿಗೆ ಕಂಡದ್ದು ಸುಮಿತ್ರೆಯ ಮೀನು ಸಾರಿನ ಗಡಿಗೆ. ಬಾಯಿ ಮುಚ್ಚಿದೆ. ಇಕ್ಬಾಲ್ ಭಾಯಿ ತಮ್ಮ ಪೆನ್ನನ್ನೇ ನನಗೆ ಕೊಟ್ಟರು. ಆ ಪೆನ್ನಿನಿಂದಲೇ ವರದಿಗೆ ಸಹಿ ಹಾಕಿದೆ. ಅವತ್ತು ಮನೆಯಲ್ಲಿ ಮೀನು ಸಾರಿತ್ತು, ನನಗೆ ರುಚಿಸಲಿಲ್ಲ.

ಪಂದ್ಯಾವಳಿ ನಡೆಯಿತು. ಸೋತ ತಂಡದವರೆಲ್ಲ ನೆಲ ಡೊಂಕು ಎಂದರು, ಅದು ಮಾಮೂಲಿ. ಫೈನಲ್ಲಿಗೆ ಬಂದದ್ದು ಯಾರೆಂದರೆ ಭಾವನ ಊರಿನ ತಂಡ ಮತ್ತು ಇಕ್ಬಾಲ್ ಭಾಯಿಯ ಭಟ್ಕಳದ ತಂಡ. ನನ್ನ ಪಾಪಕ್ಕೆ ಇಷ್ಟು ಸಾಲದೆಂದು ರೆಫರಿಯಾಗಿ ಕಾರವಾರದಿಂದ ಬಂದವಳು ನನ್ನ ಹಳೆಯ ವಿದ್ಯಾರ್ಥಿನಿ ರೇಷ್ಮಾ. ಅವಳು ಹಿಂದಿನ ದಿನವೇ ಬಂದು ಚೀಲದಿಂದ ಉಕ್ಕಿನ ಟೇಪು ತೆಗೆದು ಅಳೆದಳು. ಒಂದು ಸಲ, ಎರಡು ಸಲ, ಮೂರನೆಯ ಸಲ ನನ್ನ ಕಡೆ ನೋಡಿದಳು.

“ಸರ್, ಎಂಟು ಮೀಟರ್ ಕಮ್ಮಿ ಅದೆ. ನೂರು ಇಲ್ದೆ ನಾನು ಸೀಟಿ ಊದೂದಿಲ್ಲ. ನೀವೇ ಕಲ್ಸಿದ್ದು.”

ಮೈದಾನದ ಒಂದು ತುದಿಯಲ್ಲಿ ಹಳ್ಳ, ಇನ್ನೊಂದು ತುದಿಯಲ್ಲಿ ಭಾವನ ದಾಸವಾಳದ ಬೇಲಿ. ಬೇಲಿಯಾಚೆ ಅಂಗಳ, ಕೋಳಿಗೂಡು, ಜಗಲಿ. ಬ್ಯಾನರ್ ಕಟ್ಟಿಯಾಗಿತ್ತು, ಮೈಕಿನವನು ಆಗಲೇ “ಹಲೋ, ಹಲೋ” ಎನ್ನುತ್ತಿದ್ದ. ಭಾವ ಟೇಪನ್ನು ನೋಡಿದ, ಬೇಲಿಯನ್ನು ನೋಡಿದ, ತನ್ನ ಎರಡೂ ಕೈಯನ್ನು ನೋಡಿಕೊಂಡ.

“ಭಾವ, ನಾನೇ ಅಳೆದದ್ದಲ್ದಾ?”

“ಹೌದು ಭಾವ. ನೀವೇ ಅಳೆದದ್ದು.”

ಅವನು ಕತ್ತಿ ತಂದು ತನ್ನ ಬೇಲಿಯನ್ನು ತಾನೇ ಕಡಿದ. ಗೋಲು ಅವನ ಅಂಗಳದೊಳಗೆ ನಿಂತಿತು. ಹಿಂದೆ ಜಾಗವಿಲ್ಲದ್ದರಿಂದ ಬಲೆಯನ್ನು ಜಗಲಿಯ ಕಂಬಗಳಿಗೇ ಕಟ್ಟಿದೆವು. ಬದಿಯ ಗೆರೆ ಕೋಳಿಗೂಡಿನ ಹಿಂದಿನಿಂದ ಹೋಯಿತು. ಈ ಸಲ ಬಲೆ ತೊಳೆದು ತಂದಿದ್ದೆ, ಅಷ್ಟು ಬುದ್ಧಿ ಬಂದಿತ್ತು.

ತೊಂದರೆ ಇದ್ದದ್ದು ಅತ್ತೆಯದು. ಎಂಬತ್ತು ದಾಟಿದ ನನ್ನ ಅತ್ತೆ ದಿನವಿಡೀ ಕೂರುವುದು ಜಗಲಿಯ ಅಂಚಿನಲ್ಲಿ, ಅವರ ಎಲೆ ಅಡಿಕೆಯ ತಟ್ಟೆ ಇರುವುದು ಕೆಳಗಿನ ಮೆಟ್ಟಿಲ ಮೇಲೆ. ಬಲೆ ಕಟ್ಟಿದಾಗ ಅತ್ತೆ ಹೊರಗೆ, ಮೆಟ್ಟಿಲು ಬಲೆಯೊಳಗೆ. ದಾಸವಾಳ ಹೋದ ಸಿಟ್ಟಿನಲ್ಲಿದ್ದ ಅವರು ಜಪ್ಪಯ್ಯ ಎಂದರೂ ಏಳಲಿಲ್ಲ.

“ಅಜ್ಜಿ, ಗೋಲಿನ ಹತ್ರ ಯಾರೂ ಕೂರೂ ಹಂಗಿಲ್ಲ” ಎಂದಳು ರೇಷ್ಮಾ.

“ನಾ ಗೋಲಿನ ಹತ್ರ ಬಂದಿದ್ನಾ ಮಗಾ? ಗೋಲು ನನ್ನ ಹತ್ರ ಬಂತು.”

ತಟ್ಟೆಯನ್ನಾದರೂ ತೆಗೆಯಿರೆಂದು ಕೈ ಮುಗಿದೆ. ಆತು ಆತು ಎಂದರು. ತೆಗೆಯಲಿಲ್ಲ. ಸುಮಿತ್ರೆ ಅವರ ಪಕ್ಕದಲ್ಲೇ ಕೂತು ನನ್ನನ್ನು ನೋಡುತ್ತಿದ್ದಳು. ಆ ನೋಟದ ಅರ್ಥ ನನಗಾಗಲಿಲ್ಲ.

ಫೈನಲ್ ನಡೆಯಿತು. ಅರ್ಧ ಆಟ ಮುಗಿದಾಗ ಒಂದು ಒಂದು ಸಮ. ಬದಿ ಬದಲಾಗಿ, ಜಗಲಿಯ ಕಡೆಯ ಗೋಲನ್ನು ಕುಮಟೆಯ ಗೋಲ್‌ಕೀಪರ್ ಕಾಯುತ್ತಿದ್ದ. ಆಟದ ಕೊನೆಯ ನಿಮಿಷದಲ್ಲಿ ಭಟ್ಕಳದವರು ಚೆಂಡು ತಂದರು. ಗೋಲಿನ ಮುಂದೆ ಎಂಟು ಹತ್ತು ಜನ ಒಬ್ಬರ ಮೇಲೊಬ್ಬರು ಬಿದ್ದರು, ಕೆಂಪು ಧೂಳೆದ್ದಿತು, ಕೋಳಿಗಳು ಹಾರಿದವು. ಧೂಳು ಇಳಿದಾಗ ಗೋಲ್‌ಕೀಪರ್ ಗೆರೆಯ ಮೇಲೆ ಚೆಂಡನ್ನು ಹೊಟ್ಟೆಯಡಿ ಹಿಡಿದು ಮಲಗಿದ್ದ. ಗೋಲು ಎಂದರು ಭಟ್ಕಳದವರು. ಅಲ್ಲ ಎಂದರು ಊರಿನವರು. ಆ ಬದಿಯ ಲೈನ್ಸ್‌ಮನ್ ಕೋಳಿಗೂಡಿನ ಹಿಂದಿದ್ದ, ಏಕೆಂದರೆ ಗೆರೆ ಇದ್ದದ್ದೇ ಅಲ್ಲಿ. ತಾನು ಕೋಳಿ ಬಿಟ್ಟು ಬೇರೇನೂ ನೋಡಲಿಲ್ಲವೆಂದ. ಭಾವ ಎಲ್ಲರಿಗಿಂತ ಜೋರಾಗಿ, “ಗೋಲಲ್ಲ, ಗೋಲಲ್ಲ” ಎನ್ನುತ್ತಿದ್ದ. ಜನ ಮೈದಾನಕ್ಕಿಳಿಯತೊಡಗಿದರು. ಇಲ್ಲಿ ಹೊಡೆದಾಟವಾದರೆ ಅದಕ್ಕೆ ನನ್ನ ಸಹಿಯೇ ಕಾರಣ.

ಆಗ ಅತ್ತೆ ಕಂಬ ಹಿಡಿದು ಎದ್ದು ನಿಂತರು.

“ಗೋಲೇ ಅದು.”

“ಅಬ್ಬೇ, ನೀ ಸುಮ್ನಿರು” ಎಂದ ಭಾವ.

“ಎಂತಕ್ಕೆ ಸುಮ್ನಿರೂದು? ಚೆಂಡು ಒಳಗೆ ಬಂದು ನನ್ನ ಸುಣ್ಣದ ಡಬ್ಬಿ ಮಗುಚ್ತು. ಇಂವ ಕೈ ಹಾಕಿ ಎಳ್ಕಂಡ. ಚೆಂಡು ನೋಡಿ.”

ಪ್ರೇಕ್ಷಕರ ಮಾತನ್ನು ರೆಫರಿ ಕೇಳುವ ಹಾಗಿಲ್ಲ, ಆದರೆ ಚೆಂಡನ್ನು ನೋಡಬಹುದು. ರೇಷ್ಮಾ ನೋಡಿದಳು. ಬಿಳಿ ಮೆತ್ತಿತ್ತು. ಅದು ಗೆರೆಯ ಸುಣ್ಣ ಎಂದ ಗೋಲ್‌ಕೀಪರ್.

“ಗೆರೆದು ಒಣ ಹುಡಿ. ನನ್ದು ಹಸಿ. ಮೂಸಿ ನೋಡು ಮಗಾ, ತಂಬಾಕು ಇದ್ದೇ ಇರ್ತದೆ.”

ರೇಷ್ಮಾ ಬೆರಳಿನಿಂದ ಮುಟ್ಟಿದಳು, ಚೆಂಡನ್ನು ಮೂಗಿನ ಹತ್ತಿರ ತಂದಳು, ಜೋರಾಗಿ ಸೀನಿದಳು. ಆಮೇಲೆ ಸೀಟಿ ಊದಿ ನಡುಗೆರೆಯತ್ತ ಕೈ ತೋರಿಸಿದಳು. ಕುಮಟೆ ತನ್ನ ಅಂಗಳದಲ್ಲೇ ಸೋತಿತು. ಅಜ್ಜಿಯ ಮೇಲೆ ಕೈ ಎತ್ತುವವರು ಯಾರು? ಜನ ಮೊದಲು ಗೊಣಗಿದರು, ಆಮೇಲೆ ಒಬ್ಬ ನಕ್ಕ, ಆಮೇಲೆ ಎಲ್ಲರೂ ನಕ್ಕರು.

ಅತ್ತೆ ಕೂತುಕೊಳ್ಳುತ್ತ ಸುತ್ತಲಿನವರಿಗೆಲ್ಲ ಕೇಳುವಂತೆ ಹೇಳಿದರು: “ನಮ್ಮೂರು ಸೋತದ್ದು ನಂಗೂ ಬೇಜಾರೇ. ಹಂಗಂತ ಕಂಡದ್ದು ಕಾಣ್ಲಿಲ್ಲ ಅಂಬೂಕೆ ಆಗ್ತದ್ಯಾ ಮಾಸ್ತರ್ರೇ?”

ಅಳಿಯನನ್ನು ಅವರೂ ಮಾಸ್ತರ್ರೇ ಎಂದೇ ಕರೆಯುತ್ತಿದ್ದರು. ನಾನು ನೆಲ ನೋಡಿದೆ. ಅಷ್ಟು ನಾಚಿಕೆ ನನಗೆ ಶಾಲೆಯಲ್ಲಿ ಏಟು ತಿಂದಾಗಲೂ ಆಗಿರಲಿಲ್ಲ.

ಬಹುಮಾನ ಕೊಟ್ಟಾದ ಮೇಲೆ ಇಕ್ಬಾಲ್ ಭಾಯಿಯನ್ನು ಬದಿಗೆ ಕರೆದು ಇದ್ದದ್ದನ್ನು ಹೇಳಿದೆ. ಭಾವನ ಕೈ ಗಿಡ್ಡವೆಂದು ಅವತ್ತೇ ಗೊತ್ತಿತ್ತು, ಫೈನಲ್ ನಿಮ್ಮೂರಿನದಾಗಬೇಕಿತ್ತು, ನಾನು ಬಾಯಿ ಬಿಡಲಿಲ್ಲ ಎಂದೆ. ಅವರಿಗೆ ನೋವಾದದ್ದು ಕಾಣುತ್ತಿತ್ತು. ಆಮೇಲೆ ಕಂಕುಳಲ್ಲಿದ್ದ ಕಪ್ಪನ್ನು ಸರಿಮಾಡಿಕೊಂಡರು. “ಹೋಗ್ಲಿ ಮಾಸ್ತರ್ ಸಾಬ್. ಮೈದಾನ ನೀವು ಇಟ್ಕೊಳ್ಳಿ, ಕಪ್ ನಾವು ಒಯ್ತೇವೆ. ಆದ್ರೆ ಆ ಹಲ್ವಾ ವಾಪಸ್ ಬೇಕು.”

ಬಸ್ಸಿನಲ್ಲಿ ಭಟ್ಕಳಕ್ಕೆ ಮರಳುವಾಗ ಸುಮಿತ್ರೆಗೂ ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

“ಅಣ್ಣ ಅರವತ್ತೆರಡು ಮಾರು ಅಂತ ಫೋನ್ ಮಾಡಿದ ದಿನನೇ ನಂಗೆ ಗೊತ್ತಾತು. ಸಣ್ಣಿರುವಾಗ ಅಟ್ಟದ ಮೇಲಿನ ಬೆಲ್ಲದ ಡಬ್ಬಿ ಅವಂಗೆ ತೆಗ್ದು ಕೊಡ್ತಿದ್ದದ್ದು ನಾನು. ಅವನ ಕೈ ಎಷ್ಟುದ್ದ ಅಂತ ನಂಗೆ ಗೊತ್ತಿಲ್ವಾ?”

“ಮತ್ತೆ ನೀನ್ಯಾಕೆ ಹೇಳ್ಲಿಲ್ಲ?”

“ಸಮಿತಿಯಲ್ಲಿ ಇದ್ದದ್ದು ನಾನಾ? ನೀವು ಹೇಳ್ತ್ರಿ ಅಂತ ಕಾಯ್ತಾ ಇದ್ದೆ. ಮೀನು ಸಾರಿನ ಮಾತು ನಾನು ತಮಾಷೆಗೆ ಹೇಳಿದ್ದು. ಅದಕ್ಕೆ ಹೆದರಿ ಸಹಿ ಹಾಕ್ತ್ರಿ ಅಂತ ನಂಗೆಂತ ಗೊತ್ತು?”

ಬಸ್ಸು ಹೊನ್ನಾವರದ ಸೇತುವೆ ದಾಟಿತು. ಆಮೇಲೆ ಅವಳೇ ನಗತೊಡಗಿದಳು. ರೇಷ್ಮಾ ಸೀನಿದ್ದು ನೆನಪಾಯಿತಂತೆ.

ಮುಂದಿನ ಸಭೆಯಲ್ಲಿ ಎಲ್ಲರೆದುರು ತಪ್ಪೊಪ್ಪಿಕೊಂಡು, ಮರುವರ್ಷದ ಫೈನಲ್ ಭಟ್ಕಳಕ್ಕೆ ಎಂದು ಬರೆಸಿದೆ. ವಾಸುದೇವಣ್ಣ ಮಾತ್ರ ತಮ್ಮಜ್ಜನ ಮಾರಿನಲ್ಲಿ ಯಾವ ತಪ್ಪೂ ಇರಲಿಲ್ಲವೆಂದು ಇವತ್ತಿಗೂ ವಾದಿಸುತ್ತಾರೆ.

ನಾನು ನಿವೃತ್ತನಾದ ದಿನ ಶಾಲೆಯಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಕೊಟ್ಟರು. ಶಾಲನ್ನು ಸುಮಿತ್ರೆ ಕಪಾಟಿನಲ್ಲಿ ಇಟ್ಟಳು, ಹಣ್ಣು ನೆರೆಮನೆಗೆ ಹೋಯಿತು. ಮರುದಿನ ಭಾವ ಅತ್ತೆಯನ್ನು ರಿಕ್ಷಾದಲ್ಲಿ ಕರೆತಂದ. ಅತ್ತೆ ಸೆರಗಿನಿಂದ ಒಂದು ಪೊಟ್ಟಣ ತೆಗೆದು ನನ್ನ ಕೈಗಿಟ್ಟರು. ಐವತ್ತು ಮೀಟರಿನ ಉಕ್ಕಿನ ಟೇಪು, ಹೊಸದು, ಮೇಲೆ ಅರಿಶಿನ ಕುಂಕುಮ.

“ಇನ್ನು ನಂಗೆಂತಕ್ಕೆ ಇದು ಅತ್ತೆ? ಕೆಲಸ ಮುಗೀತಲ್ಲ.”

“ನಿಮಗಲ್ಲ, ನಿಮ್ಮ ಹಿಂದೆ ಬರ್ತ್ರಲ್ಲ, ಆ ಮಕ್ಕಳಿಗೆ ಕೊಡಿ,” ಎಂದರು ಅತ್ತೆ, ಎಲೆ ಅಡಿಕೆಯ ಚೀಲ ಬಿಚ್ಚಿ ಎಲೆಗೆ ಸುಣ್ಣ ಹಚ್ಚುತ್ತ. “ಮತ್ತೆ ಹೇಳಿ ಅವ್ರಿಗೆ, ಇದೊಂದಕ್ಕೇ ನೆಂಟರಿಲ್ಲ ಅಂತ.”